‘ಬೆಂಗಾಲ್’ ನೌಕೆಯ ನೆನಪು ಕಾರವಾರದಲ್ಲಿ ಉಳಿಯಲಿ

ಮಾನ್ಯರೇ,

ಎರಡನೇ ಮಹಾಯುದ್ಧದ ಮಾತು ಬಂದಾಗ ಭಾರತೀಯ ಭೂಸೇನೆಯ ಸಾಹಸಗಳನ್ನು ಸ್ಮರಿಸುವ ನಾವು, ಅದೇ ಯುದ್ಧದಲ್ಲಿ ಹಿಂದೂ ಮಹಾಸಾಗರದಲ್ಲಿ ದುಡಿದ ‘ಎಚ್‌ಎಂಐಎಸ್ ಬೆಂಗಾಲ್’ ಎಂಬ ಮೈನ್‌ಸ್ವೀಪರ್ ನೌಕೆಯನ್ನು ಮರೆತೇಬಿಟ್ಟಿದ್ದೇವೆ.

ಸಿಡ್ನಿಯಲ್ಲಿ ನಿರ್ಮಾಣಗೊಂಡು 1942ರಲ್ಲಿ ರಾಯಲ್ ಇಂಡಿಯನ್ ನೇವಿಗೆ (ಬ್ರಿಟಿಷ್ ಆಡಳಿತದ ಕಾಲದ ಭಾರತೀಯ ನೌಕಾಪಡೆ) ಸೇರಿದ ಈ ಪುಟ್ಟ ನೌಕೆಯ ಉದ್ದ 186 ಅಡಿ. ಸಮುದ್ರದ ತಳಕ್ಕೆ ಬಿಗಿದ ಮೈನ್‌ಗಳ (ಹಡಗು ಸ್ಫೋಟಿಸಲು ನೀರೊಳಗೆ ಇಡುವ ಸಿಡಿಗುಂಡು) ಸರಪಳಿಯನ್ನು, ತಮ್ಮ ಹಿಂದೆ ಎಳೆದೊಯ್ಯುವ ಉಕ್ಕಿನ ಹಗ್ಗದಿಂದ ಕತ್ತರಿಸಿ, ಮೇಲೆ ತೇಲಿಬಂದ ಮೈನನ್ನು ಗುಂಡು ಹೊಡೆದು ನಾಶಪಡಿಸುವುದು ಇಂಥ ನೌಕೆಗಳ ಕೆಲಸ. ಜೊತೆಗೆ ಸರಕು ಹಡಗುಗಳಿಗೆ ಬೆಂಗಾವಲಾಗಿಯೂ ಇವು ಹೋಗಬೇಕಾಗುತ್ತಿತ್ತು.

1942ರ ನವೆಂಬರ್ 11ರಂದು, ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್‌ನಿಂದ ಹಿಂದೂ ಮಹಾಸಾಗರದ ಡಿಯಾಗೊ ಗಾರ್ಸಿಯಾ ದ್ವೀಪದತ್ತ ‘ಓಂಡಿನಾ’ ಎಂಬ ಡಚ್ ತೈಲ ಹಡಗಿನೊಂದಿಗೆ ಸಾಗುತ್ತಿದ್ದಾಗ, ತಲಾ ಹತ್ತು ಸಾವಿರ ಟನ್‌ಗೂ ಮಿಕ್ಕಿದ ಹೊಕೊಕು ಮಾರು, ಐಕೊಕು ಮಾರು ಎಂಬ ಎರಡು ಸಶಸ್ತ್ರ ಜಪಾನಿ ಹಡಗುಗಳು ಎದುರಾದವು. ಬೆಂಗಾಲ್‌ನಲ್ಲಿದ್ದ ಮುಖ್ಯ ಫಿರಂಗಿ ಒಂದೇ, ಅದೂ ಸಣ್ಣದು. ಆದರೂ ಬೆಂಗಾಲ್‌ನ ನಾಯಕ ಲೆಫ್ಟಿನೆಂಟ್ ಕಮಾಂಡರ್ ವಿಲ್ಸನ್, ತಪ್ಪಿಸಿಕೊಂಡು ಹೋಗುವಂತೆ ಓಂಡಿನಾಕ್ಕೆ ಸೂಚಿಸಿ, ತಮ್ಮ ನೌಕೆಯ ಮೂತಿಯನ್ನು ನೇರ ಶತ್ರುವಿನ ಕಡೆಗೇ ತಿರುಗಿಸಿದರು. ಕೆಲಹೊತ್ತಿನಲ್ಲಿ ಗುಂಡು ತಗುಲಿದ ಹೊಕೊಕು ಮಾರು ಹೊತ್ತಿ ಉರಿದು, ಸ್ಫೋಟಗೊಂಡು ಮುಳುಗಿತು. ಆ ಗುಂಡು ಬೆಂಗಾಲ್‌ನದೋ ಓಂಡಿನಾದ್ದೋ ಎಂಬ ಚರ್ಚೆ ಇಂದಿಗೂ ಇದೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು, ಸೋಲು ಖಚಿತವೆನ್ನುವಂತಿದ್ದ ಆ ಗಳಿಗೆಯಲ್ಲಿ ಬಹುಪಾಲು ಭಾರತೀಯರೇ ಇದ್ದ ಆ ನಾವಿಕರು ಮುನ್ನುಗ್ಗಿದ್ದು. ಮದ್ದುಗುಂಡು ಬರಿದಾಗುತ್ತಾ ಬಂದಾಗ ಹೊಗೆಯ ಮರೆಯಲ್ಲಿ ಹೊರಳಿದ ಬೆಂಗಾಲ್, ಒಬ್ಬರನ್ನೂ ಕಳೆದುಕೊಳ್ಳದೆ ಡಿಯಾಗೊ ಗಾರ್ಸಿಯಾ ಸೇರಿತು. ಓಂಡಿನಾದ ಕ್ಯಾಪ್ಟನ್ ಹಾಗೂ ಕೆಲವು ನಾವಿಕರು ಹತರಾದರು. ಹಡಗು ತೊರೆದಿದ್ದ ಉಳಿದವರು, ಟಾರ್ಪಿಡೊ (ನೀರೊಳಗೆ ಸಾಗಿ ಹಡಗಿಗೆ ಬಡಿಯುವ ಅಸ್ತ್ರ) ಏಟು ತಿಂದಿದ್ದ ಅದನ್ನು ಮತ್ತೆ ಏರಿ ಫ್ರೀಮ್ಯಾಂಟಲ್‌ಗೆ ಮರಳಿಸಿದರು.

1960ರಲ್ಲಿ ಸೇವೆಯಿಂದ ನಿವೃತ್ತವಾದ ಬೆಂಗಾಲ್ ನೌಕೆಯನ್ನು ನಾವು ಉಳಿಸಿಕೊಳ್ಳಲಿಲ್ಲ. ಇದೇ ಮಾದರಿಯ ಎರಡು ನೌಕೆಗಳನ್ನು ಆಸ್ಟ್ರೇಲಿಯಾ ವಸ್ತುಸಂಗ್ರಹಾಲಯಗಳಾಗಿ ಕಾಪಾಡಿಕೊಂಡಿದೆ ಎಂಬುದನ್ನು ನೆನೆದರೆ ನಿಜಕ್ಕೂ ನೋವಾಗುತ್ತದೆ.

ನಮ್ಮ ಕಾರವಾರದ ಹೆಸರನ್ನೇ ಹೊತ್ತ ‘ಐಎನ್‌ಎಸ್ ಕಾರವಾರ’ ಕೂಡ ಮೈನ್‌ಸ್ವೀಪರ್ ಆಗಿದ್ದು, 1986ರಿಂದ 2017ರವರೆಗೆ ಸೇವೆ ಸಲ್ಲಿಸಿತು. ಆದ್ದರಿಂದ ಜಿಲ್ಲಾಡಳಿತವೂ ನೌಕಾಪಡೆಯೂ ಸೇರಿ, ಕಾರವಾರ ಕಡಲತೀರದ ಯುದ್ಧನೌಕೆ ವಸ್ತುಸಂಗ್ರಹಾಲಯದಲ್ಲಿ ಈ ಎರಡೂ ನೌಕೆಗಳ ಮಾದರಿಗಳನ್ನು ಕನ್ನಡದ ವಿವರಣಾ ಫಲಕಗಳೊಂದಿಗೆ ಇರಿಸಬೇಕೆಂದು, ಬರುವ ನವೆಂಬರ್ 11ರೊಳಗೆ ಈ ಕೆಲಸ ಆಗಬೇಕೆಂದು ಕೋರುತ್ತೇನೆ.

– ಓದುಗ, ಉತ್ತರ ಕನ್ನಡ ಜಿಲ್ಲೆ