ಪಂಪು ಬದಲಿಸುವ ಮೊದಲು ಒತ್ತಡ ಅಳೆಯಿರಿ

ಮಾನ್ಯ ಸಂಪಾದಕರೇ,

ಹಳೆಯ ಪೆಟ್ರೋಲ್ ಪಿಕಪ್ ವಾಹನ ಬೆಳಿಗ್ಗೆ ಬೇಗ ಸ್ಟಾರ್ಟ್ ಆಗದಿದ್ದರೆ, ಅಥವಾ ಹೊರೆ ಹೇರಿಕೊಂಡು ಏರು ಹತ್ತುವಾಗ ಉಸಿರು ಕಟ್ಟಿದಂತೆ ಜಗ್ಗತೊಡಗಿದರೆ, ಇಂಧನ ಪಂಪು ಕೆಟ್ಟಿದೆಯೆಂದು ತೀರ್ಮಾನಿಸಿ ನೇರವಾಗಿ ಟ್ಯಾಂಕ್ ಇಳಿಸುವುದು ರೂಢಿಯಾಗಿಬಿಟ್ಟಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ಪದ್ಧತಿಯಿಂದ ನಾನೇ ನಷ್ಟ ಅನುಭವಿಸಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಗಾಡಿಗೆ ಎರಡು ವರ್ಷದೊಳಗೆ ಎರಡು ಹೊಸ ಪಂಪು ಹಾಕಿಸಿದೆ. ಎರಡೂ ಸಲ ಕೆಲವು ವಾರ ಚೆನ್ನಾಗಿ ಓಡಿ, ಮತ್ತೆ ಅದೇ ಕಾಯಿಲೆ ಮರುಕಳಿಸಿತು. ಕೊನೆಗೆ ಹಿರಿಯ ಮೆಕ್ಯಾನಿಕ್ ಒಬ್ಬರು ಟ್ಯಾಂಕಿನ ಮೇಲಿನ ಸಾಕೆಟ್ ಕಳಚಿ ತೋರಿಸಿದಾಗ, ಅರ್ತ್ ವೈರಿನ ಪಿನ್ ಮೇಲೆ ಹಸಿರು ಪುಡಿ ಕಟ್ಟಿತ್ತು, ಸುತ್ತಲಿನ ಪ್ಲಾಸ್ಟಿಕ್ ಕಾದು ಕಂದಾಗಿತ್ತು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ 14 ವೋಲ್ಟ್ ಇದ್ದರೂ ಪಂಪಿಗೆ ತಲುಪುತ್ತಿದ್ದುದು ಸುಮಾರು 10 ಮಾತ್ರ. ಅಷ್ಟು ಕಡಿಮೆ ವೋಲ್ಟೇಜಿನಲ್ಲಿ ಎಂಥ ಹೊಸ ಪಂಪಾದರೂ ನಿಧಾನವಾಗಿಯೇ ತಿರುಗುತ್ತದೆ. ಸಾಕೆಟ್ ತೆಗೆದು ಹಾಕುವಾಗ ಪಿನ್ ತುಸು ಉಜ್ಜಿಕೊಂಡು ಸಂಪರ್ಕ ಸುಧಾರಿಸುತ್ತಿದ್ದುದನ್ನೇ ನಾವು ಹೊಸ ಪಂಪಿನ ಗುಣವೆಂದು ನಂಬಿದ್ದೆವು.

ಪಂಪು ನಿಜಕ್ಕೂ ಕೆಟ್ಟಿದೆಯೇ ಎಂದು ತಿಳಿಯಲು ಪೆಟ್ರೋಲ್ ಲೈನಿಗೆ ಗೇಜ್ (ಮಾಪಕ) ಜೋಡಿಸಿ ಪೆಟ್ರೋಲಿನ ಒತ್ತಡವನ್ನೂ ಅಳೆಯಬೇಕು. ಅದು ಎಷ್ಟಿರಬೇಕೆಂಬುದು ಗಾಡಿಯಿಂದ ಗಾಡಿಗೆ ಬೇರೆ. ಕಾರ್ಬ್ಯುರೇಟರ್ ಎಂಜಿನ್‌ಗೆ ಸಾಮಾನ್ಯವಾಗಿ 4ರಿಂದ 7 ಪಿಎಸ್‌ಐ (ಚದರ ಇಂಚಿಗೆ ಪೌಂಡ್, ಒತ್ತಡದ ಅಳತೆ) ಸಾಕು. ಥ್ರಾಟಲ್ ಬಾಡಿಯಲ್ಲಿ, ಅಂದರೆ ಎಂಜಿನ್ನಿಗೆ ಗಾಳಿ ಹೋಗುವ ಬಾಯಲ್ಲಿ, ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸುವ ಸಾಧನ) ಇರುವ ಹಳೆಯ ಷೆವ್ರೊಲೆ ಪಿಕಪ್‌ಗಳಿಗೆ 9ರಿಂದ 13 ಬೇಕು. ಅದೇ ಕಂಪನಿಯ 1996ರ ವೋರ್ಟೆಕ್ ವಿ8 ಎಂಜಿನ್‌ಗೆ 60ರಿಂದ 66 ಬೇಕು. ಒಂದು ಗಾಡಿಗೆ ಧಾರಾಳವಾದ 50 ಪಿಎಸ್‌ಐ ಇನ್ನೊಂದನ್ನು ಸ್ಟಾರ್ಟೇ ಆಗಗೊಡದಿರಬಹುದಾದ್ದರಿಂದ, ಆಯಾ ಗಾಡಿಯ ಮ್ಯಾನುವಲ್ ನೋಡದೆ ಗೇಜಿನ ಅಂಕಿಗೆ ಅರ್ಥ ಹಚ್ಚುವಂತಿಲ್ಲ.

ಇಂಜೆಕ್ಟರ್ ಇರುವ ಗಾಡಿಯಲ್ಲಿ ಕೀ ತಿರುಗಿಸಿದೊಡನೆ ಪಂಪು ಸಾಮಾನ್ಯವಾಗಿ ಎರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಮುಳ್ಳು ಏರಿದ್ದಷ್ಟೇ ಮುಖ್ಯವಲ್ಲ, ಅದು ಅಲ್ಲಿ ನಿಲ್ಲುತ್ತದೆಯೇ ಎಂಬುದನ್ನು ಹತ್ತು ನಿಮಿಷವಾದರೂ ಕಾದು ನೋಡಬೇಕು. ಒತ್ತಡ ಬೇಗನೆ ಇಳಿಯುತ್ತಿದ್ದು, ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪಿನ ರಬ್ಬರ್ ಭಾಗವನ್ನು ಮೆತ್ತಗೆ ಅದುಮಿ ಹಿಡಿದಾಗ ಇಳಿಯುವುದು ನಿಂತರೆ ದೋಷ ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರಿನದು. ಟ್ಯಾಂಕಿನಿಂದ ಬರುವ ಪೈಪನ್ನು ಅದುಮಿದಾಗ ನಿಂತರೆ ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ, ಪಂಪಿನೊಳಗಿನ ವಾಲ್ವಿನದು. ಎರಡನ್ನೂ ಹಿಡಿದ ಮೇಲೂ ಇಳಿಯುತ್ತಿದ್ದರೆ, ಹೊರಗೆಲ್ಲೂ ಸೋರಿಕೆ ಕಾಣದಿದ್ದಲ್ಲಿ, ಇಂಜೆಕ್ಟರ್ ಸೋರುತ್ತಿದೆಯೆಂದು ಅನುಮಾನಿಸಬೇಕು. ರೆಗ್ಯುಲೇಟರಿಗೆ ವ್ಯಾಕ್ಯೂಮ್ ಪೈಪ್ ಇದ್ದರೆ ಅದನ್ನು ಕಿತ್ತು ನೋಡಿ. ಅದರಲ್ಲಿ ಪೆಟ್ರೋಲ್ ಹನಿ ಕಂಡರೆ ರೆಗ್ಯುಲೇಟರಿನ ಒಳಗಿನ ಡಯಾಫ್ರಮ್ (ತೆಳು ಪೊರೆ) ಹರಿದಿದೆ.

ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ಒತ್ತಡ ಸರಿಯಿದೆಯೆಂದು ಗೇಜ್ ಬಿಚ್ಚಿಬಿಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಕಟ್ಟಿಕೊಂಡ ಫಿಲ್ಟರ್ ಕೂಡ ನಿಂತ ಗಾಡಿಗೆ ಸಾಕಾಗುವಷ್ಟು ಪೆಟ್ರೋಲ್ ಬಿಡುತ್ತದೆ, ಅದರ ಬಣ್ಣ ಬಯಲಾಗುವುದು ಏರಿನಲ್ಲಿ. ಆದ್ದರಿಂದ ಗೇಜನ್ನು ಮುಂಗಾಜಿನ ಹೊರಗೆ ಭದ್ರವಾಗಿ ಕಟ್ಟಿ, ಹೊರೆಯೊಂದಿಗೆ ಓಡಿಸಿ ನೋಡಬೇಕು. ಪೆಟ್ರೋಲ್ ತುಂಬಿದ ಗೇಜಿನ ಪೈಪನ್ನು ಕ್ಯಾಬಿನ್ನಿನೊಳಗೆ ಎಂದಿಗೂ ತರಬಾರದು. ಪೈಪ್ ಬಿಚ್ಚುವ ಮೊದಲು ಎಂಜಿನ್ ನಿಂತು ತಣ್ಣಗಾಗಿರಬೇಕು, ಲೈನಿನ ಒತ್ತಡ ಇಳಿಸಿರಬೇಕು, ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟಕುವಂತಿರಬೇಕು.

ಗ್ಯಾರೇಜಿನವರಲ್ಲಿ ನನ್ನ ಬೇಡಿಕೆ ಇಷ್ಟೆ: ಪಂಪು ಬದಲಿಸುವ ಮೊದಲು ಕೀ ಹಾಕಿದಾಗಿನ, ಐಡ್ಲಿಂಗ್‌ನ ಮತ್ತು ಹೊರೆಯೊಂದಿಗಿನ ಒತ್ತಡವನ್ನೂ, ಪಂಪು ಓಡುತ್ತಿರುವಾಗ ಅದರ ಸಾಕೆಟಿನಲ್ಲಿ ಸಿಗುವ ವೋಲ್ಟೇಜನ್ನೂ ಬಿಲ್ಲಿನ ಮೇಲೆ ಬರೆದುಕೊಡಿ. ವಾಹನ ಮಾಲೀಕರು ಆ ನಾಲ್ಕು ಅಂಕಿಗಳನ್ನು ಕೇಳಿ ಪಡೆಯಲಿ.

ಇಂತಿ,
ಹಳೆಯ ಪಿಕಪ್‌ನ ಮಾಲೀಕ