ಮಂಗಳವಾರ ಎಚ್ಚರ ಇರು

ಪ್ರೀತಿಯ ದೋಸ್ತ,

ಫೋನಿನಲ್ಲಿ ನಿನ್ನ ದನಿ ಕೇಳಿದರೆ ಗಂಟಲು ಕಟ್ಟುತ್ತದೆ. ಅದಕ್ಕೇ ಎಲ್ಲರೂ ಓದುವ ಈ ಜಾಗದಲ್ಲಿ ಬರೆಯುತ್ತಿದ್ದೇನೆ. ನಾಲ್ಕು ಜನರ ಮುಂದಾದರೆ ಅಳದೆ ಹೇಳಿ ಮುಗಿಸಬಹುದು.

ಮಂಗಳವಾರ ಬೆಳಿಗ್ಗೆ ನನ್ನವಳ ಆಪರೇಷನ್. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರ ಹೃದಯದ ಮೈಟ್ರಲ್ ಕವಾಟವನ್ನು ಕೆಡಿಸಿಟ್ಟು ಹೋಗಿತ್ತಂತೆ. ನಮಗೆ ಗೊತ್ತಾದದ್ದು ಈಗ, ದಾದರ್ ಸ್ಟೇಷನ್ನಿನ ಮೆಟ್ಟಿಲಲ್ಲಿ ಉಸಿರು ಸಿಗದೆ ಅವಳು ಕೂತುಬಿಟ್ಟಾಗ. ಕವಾಟ ಬದಲಿಸುವಷ್ಟು ಹೊತ್ತು ಹೃದಯವನ್ನು ನಿಲ್ಲಿಸುತ್ತಾರೆ, ರಕ್ತವನ್ನು ಮಷೀನು ಸುತ್ತಿಸುತ್ತದೆ ಎಂದರು ಡಾಕ್ಟರು. ‘ನಿಲ್ಲಿಸುತ್ತಾರೆ’ ಅಂದಮೇಲೆ ನನಗೆ ಬೇರೇನೂ ಕೇಳಿಸಲಿಲ್ಲ.

ನಿನ್ನೆ ಬಾಂದ್ರಾದಲ್ಲಿ ಇಳಿದು, ಮೇರಿ ಮಾತೆಯ ಚರ್ಚಿರುವ ಮೌಂಟ್ ಮೇರಿ ಗುಡ್ಡ ಹತ್ತಿದೆ. ನಾವು ಬಾಸೆಲ್ ಮಿಷನ್ ಮನೆತನದ ಪ್ರೊಟೆಸ್ಟಂಟರು, ಹರಕೆ ಹೊತ್ತು ಗೊತ್ತಿಲ್ಲ. ಕೋಲಿ ಮೀನುಗಾರರು ಮೋತ್ ಮಾವ್ಲಿ ಅಂತ ಕರೆಯುವ ಆ ತಾಯಿಗೆ ಒಪ್ಪಿಸಲು ಅಲ್ಲಿ ಮೇಣದ ಕೈ, ಕಾಲು, ಮನೆ, ಕೂಸು ಮಾರುತ್ತಾರೆ. ನಾನೊಂದು ಹೃದಯ ಕೊಂಡೆ. ಮುಷ್ಟಿಯಲ್ಲಿ ಹಿಡಿದು ನಿಂತಿದ್ದೆ. ಬಿಸಿಲಿಗೆ ಅದು ಮೆತ್ತಗಾಗಿ ನನ್ನ ಹೆಬ್ಬೆರಳ ಗೆರೆಗಳು ಅಷ್ಟೂ ಅದರಲ್ಲಿ ಇಳಿದುಬಿಟ್ಟವು. ಇಟ್ಟು ಬರಲು ಕೈ ಬರಲಿಲ್ಲ. ಇನ್ನೂ ಬ್ಯಾಗಿನಲ್ಲಿದೆ.

ಇಷ್ಟು ವರ್ಷ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ‘ಹೆದರಬೇಡಿ’ ಅಂತ ಕಲಿಸಿದೆನಲ್ಲ, ಯೇಸುವನ್ನು ಹಿಡಿದ ರಾತ್ರಿಯ ಗೆತ್ಸೇಮನೆ ತೋಟದ ಪಾಠ ಬಂದಾಗ ಮಾತ್ರ ಬೇಗ ಬೇಗ ದಾಟಿಸುತ್ತಿದ್ದೆ. ಈ ವಾರ ಅಲ್ಲೇ ಸಿಕ್ಕಿಕೊಂಡಿದ್ದೇನೆ. ಕರ್ತನೇ ಹೆದರಿದ್ದಾನೆ, ಮಾರಾಯ. ಶಿಷ್ಯರಾದ ಪೇತ್ರ, ಯಾಕೋಬ, ಯೋಹಾನರನ್ನು ಜೊತೆಗೆ ಕರೆದುಕೊಂಡು ಹೋಗಿ, ಎಚ್ಚರವಿರಿ ಅಂತ ಬೇಡಿಕೊಂಡಿದ್ದಾನೆ. ಅವರು ಮಲಗಿಬಿಟ್ಟರು. ಮೂರು ಸಲ ಅದೇ ಮಾತಿನಲ್ಲಿ ಪ್ರಾರ್ಥಿಸಿ ಬಂದವನು, ಹಿಡಿಯುವವರು ಬರುತ್ತಿರುವಾಗ, ಏಳಿ ಹೋಗೋಣ ಅನ್ನುತ್ತಾನೆ. ಓಡಿಹೋಗಲು ಅಲ್ಲ, ಎದುರಾಗಲು. ಬೆವರು ಇನ್ನೂ ಆರಿರಲಿಕ್ಕಿಲ್ಲ. ನನಗೆ ಬೇಕಾದ ಧೈರ್ಯ ಅಷ್ಟೇ: ಎದ್ದು, ಸ್ಟ್ರೆಚರಿನ ಜೊತೆ ಆ ಬಾಗಿಲ ತನಕ ನಡೆಯುವಷ್ಟು.

ಆದರೆ ಅವನು ಹೇಳಿದ ಇನ್ನೊಂದು ಮಾತು ನನ್ನ ಬಾಯಿಂದ ಹೊರಡುತ್ತಿಲ್ಲ. ರಾತ್ರಿ ಇಬ್ಬರೂ ಕೂತು ಕರ್ತನ ಪ್ರಾರ್ಥನೆ ಹೇಳುತ್ತೇವೆ. ‘ನಿನ್ನ ಚಿತ್ತ ನೆರವೇರಲಿ’ ಅನ್ನುವ ಸಾಲು ಬಂದಾಗ ನನ್ನ ದನಿ ನಿಲ್ಲುತ್ತದೆ. ಅವಳು ಒಬ್ಬಳೇ ಆ ಸಾಲನ್ನು ಹೇಳಿ, ನಾನು ಮತ್ತೆ ಸೇರಿಕೊಳ್ಳುವ ತನಕ ಕಾಯುತ್ತಾಳೆ. ನಿನ್ನೆ ನನ್ನ ಕೈ ಹಿಡಿದುಕೊಂಡೇ ಹೇಳಿದಳು.

ಇದನ್ನು ಬರೆಯಬೇಕು ಅಂದುಕೊಂಡಿರಲಿಲ್ಲ. ಇರಲಿ.

ಮಂಗಳವಾರ ಏಳು ಗಂಟೆಗೆ ನೀನು ಧಾರವಾಡದಲ್ಲಿ ಎಚ್ಚರ ಇರಬೇಕು. ಓದುತ್ತಿರುವ ಉಳಿದವರೂ ಒಂದು ಗಳಿಗೆ ಅವಳನ್ನು ನೆನೆಯಿರಿ. ನೀನು ಮಾತ್ರ ಆ ಕ್ರಿಸ್‌ಮಸ್ ನಾಟಕದ ಕುರುಬನ ಹಾಗೆ ಮಲಗಿಬಿಡಬೇಡಪ್ಪ! ಕಂಬಳಿ ಇನ್ನೂ ನನ್ನ ಹತ್ತಿರವೇ ಐತಿ. ಅವಳು ಮನೆಗೆ ಬಂದಮೇಲೆ ನೀನೇ ಬಂದು ತಗೊಂಡು ಹೋಗು, ಬರುವಾಗ ಪೇಡೆ ತಾ.

ನಿನ್ನವನೇ