ತಾಳ ಕಲಿಸಿದವರಿಗೂ ತಾಳ ಬಿಡಿಸಿದವರಿಗೂ

ನಮ್ಮ ತಂಡದ 12 ನಿಮಿಷದ ಕಿರುಚಿತ್ರ ಮುಗಿದಿದೆ. ಕೊನೆಯಲ್ಲಿ ಕೃತಜ್ಞತೆಯ ಹೆಸರುಗಳು ನಾಲ್ಕೇ ಸೆಕೆಂಡಿನಲ್ಲಿ ಓಡಿಹೋಗುತ್ತವೆ. ಯಾರಿಂದ ಏನು ಸಿಕ್ಕಿತು ಎಂಬುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ. ಸಂಗೀತ ಕಲಿತು ಸಿನಿಮಾ ಕಡೆ ಹೊರಟವರಿಗೂ ಉಪಯೋಗಕ್ಕೆ ಬಂದೀತು.

ಮೊದಲ ನಮಸ್ಕಾರ ಸಂಗೀತದ ಮೇಷ್ಟ್ರಿಗೆ. ಒಂದೇ ಪಾಠವನ್ನು ಮೂರು ಕಾಲದಲ್ಲಿ, ಅಂದರೆ ಮೊದಲ ವೇಗದಲ್ಲಿ, ಅದರ ಎರಡು ಪಟ್ಟು, ನಾಲ್ಕು ಪಟ್ಟು ವೇಗದಲ್ಲಿ ಹೇಳಿಸುತ್ತಿದ್ದಿರಲ್ಲ ಸಾರ್, ಎಡಿಟಿಂಗಿನಲ್ಲಿ ಕೈಹಿಡಿದದ್ದು ಅದೇ ಲೆಕ್ಕ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರ. ಹಾಡಿನ ವೇಗ ನಿಮಿಷಕ್ಕೆ 120 ಬೀಟ್ (ತಾಳದ ಪೆಟ್ಟು) ಇದ್ದರೆ ಒಂದು ಬೀಟಿಗೆ ಸರಿಯಾಗಿ 12 ಫ್ರೇಮ್, 90 ಇದ್ದರೆ 16, 80 ಇದ್ದರೆ 18. ಎಡವಟ್ಟಾಗುವುದು 100ರಲ್ಲಿ: ಬೀಟಿಗೆ 14.4 ಫ್ರೇಮ್. ಹದಿನಾಲ್ಕು ಹದಿನಾಲ್ಕು ಫ್ರೇಮಿಗೊಮ್ಮೆ ಕಟ್ ಮಾಡುತ್ತ (ಶಾಟ್ ಬದಲಿಸುತ್ತ) ಹೋದರೆ ಹತ್ತನೇ ಬೀಟಿಗೆ ಚಿತ್ರ 4 ಫ್ರೇಮ್ ಮುಂದೋಡಿರುತ್ತದೆ. ಅದಕ್ಕೇ ಹಿಂದಿನ ಕಟ್‌ನಿಂದ ಎಣಿಸಬಾರದು. ಪ್ರತಿ ಬೀಟನ್ನೂ ಹಾಡಿನ ಆರಂಭದಿಂದಲೇ ಎಣಿಸಿ, ಹತ್ತಿರದ ಫ್ರೇಮಿಗೆ ಮಾರ್ಕರ್ (ಗುರುತು) ಹಾಕಬೇಕು: 14, 29, 43, 58, 72.

ಇಷ್ಟು ಕಲಿತವರಿಗೆ ಅಂಟುವ ಕಾಯಿಲೆಯೆಂದರೆ ಎಲ್ಲ ಕಟ್ಟನ್ನೂ ಬೀಟಿನ ಮೇಲೇ ಕೂರಿಸುವುದು. ನಾಲ್ಕನೇ ಕಟ್ ಎಲ್ಲಿ ಬೀಳುತ್ತದೆಂದು ನೋಡುವವರಿಗೆ ಮೊದಲೇ ಗೊತ್ತಾಗಿಬಿಡುತ್ತದೆ. ಅದನ್ನು ಬಿಡಿಸಿದ ಎಡಿಟಿಂಗ್ ಮೇಡಂಗೆ ಎರಡು ನಮಸ್ಕಾರ. ಮ್ಯೂಸಿಕ್ ಟ್ರ್ಯಾಕ್ ಮ್ಯೂಟ್ ಮಾಡಿಸಿ, ಬರೀ ಮಾತು ಮತ್ತು ನಟನೆಯ ಮೇಲೆ ದೃಶ್ಯ ಕಟ್ಟಿಸಿದಿರಿ. ಅಜ್ಜಿ ಕಾಗದ ಮಡಿಸುವ ಶಾಟ್ ತಾಳಕ್ಕೆ ಸರಿಯಾಗಿತ್ತು, ಆದರೆ ಮಡಿಕೆಯ ಮೇಲೆ ಬೆರಳು ಒತ್ತಿ ಜಾರಿಸುವುದೇ ಕತ್ತರಿಸಿಹೋಗಿತ್ತು. ಒಂಬತ್ತು ಫ್ರೇಮ್ ಮರಳಿ ಸೇರಿಸಿದ್ದಕ್ಕೆ ಆಕೆ ಏನೋ ಯೋಚಿಸುತ್ತಿದ್ದಾಳೆ ಅನ್ನಿಸಿತು. ಬೀಟಿಗೇ ಕಟ್ ಬೇಕೆಂದರೂ ಒಂದೆರಡು ಫ್ರೇಮ್ ಮೊದಲೇ ಇಡಿ ಎಂದಿರಿ. ಹೊಸ ಚಿತ್ರ ಕಣ್ಣಿಗೆ ಕೂರಲು ಅಷ್ಟು ಹೊತ್ತು ಬೇಕು. ಸಂಕಲನಕಾರ ವಾಲ್ಟರ್ ಮರ್ಚ್ ಒಂದು ಕಟ್‌ನಲ್ಲಿ ಭಾವಕ್ಕೆ ಶೇ 51, ಕತೆಗೆ ಶೇ 23 ಕೊಟ್ಟು ಲಯಕ್ಕೆ ಶೇ 10 ಮಾತ್ರ ಇಟ್ಟಿದ್ದಾರೆ. ನಮ್ಮಂಥವರು ಗೋಡೆಗೆ ಅಂಟಿಸಿಕೊಳ್ಳಬೇಕಾದ ಲೆಕ್ಕ.

ಸೌಂಡ್ ನೋಡಿಕೊಂಡ ಅಣ್ಣನಿಗೆ ಋಣ ದೊಡ್ಡದು. ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನೆ ನಿಲ್ಲಿಸಿ ಒಂದು ನಿಮಿಷ ಬರೀ ಕೋಣೆಯ ಸದ್ದು ಹಿಡಿದಿರಿ. ಮಾತುಗಳ ನಡುವೆ ಅದನ್ನು ತುಂಬದಿದ್ದರೆ, ಹಾಡುವಾಗ ತಂಬೂರಿ ತಟ್ಟನೆ ನಿಂತಂತೆ ಕೇಳುತ್ತದೆ. ಹಾಡಿನ ಫೈಲ್ 44.1 ಕಿಲೋಹರ್ಟ್ಸ್‌ನದು, ಸಿನಿಮಾ ಪ್ರಾಜೆಕ್ಟ್ 48ರದು (ಸೆಕೆಂಡಿಗೆ ಸದ್ದಿನ ಎಷ್ಟು ಸಾವಿರ ಮಾದರಿ ಹಿಡಿದಿದೆ ಎಂಬ ಲೆಕ್ಕ). ಪರಿವರ್ತಿಸದೆ ಹಾಗೇ ಓಡಿಸಿದರೆ ನಾಲ್ಕು ನಿಮಿಷದ ಹಾಡು 19 ಸೆಕೆಂಡಿಗೂ ಹೆಚ್ಚು ಬೇಗ ಮುಗಿಯುತ್ತದೆ, ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಏರುತ್ತದೆ. ಹಾಡುವವರ ಕಿವಿಗೆ ಇದು ಮೊದಲ ಸಾಲಿಗೇ ಸಿಕ್ಕಿಬೀಳುತ್ತದೆ. ಸಂಗೀತ ಕಲಿತದ್ದರ ನೇರ ಲಾಭ!

ಕೊನೆಯದು ಪಿಟೀಲು ನುಡಿಸಿದ ಗೆಳೆಯನಿಗೆ. ಮಾತಿನ ವ್ಯಂಜನಗಳು ಸ್ಪಷ್ಟವಾಗಿ ಕೇಳುವ ಭಾಗದಲ್ಲೇ ನಿನ್ನ ಮೇಲ್ಸ್ಥಾಯಿಯೂ ಕೂತಿತ್ತು. ವಾಲ್ಯೂಮ್ ಇಳಿಸಿದರೆ ಪಿಟೀಲು ಸಾಯುತ್ತಿತ್ತು, ಏರಿಸಿದರೆ ಮಾತು. ಒಂದು ಸ್ಥಾಯಿ ಕೆಳಗಿಳಿಸಿ, ಮಾತು ಬಂದಲ್ಲಿ ಬಿಲ್ಲು ಎತ್ತಿ, ಮತ್ತೆ ಪೂರ್ತಿ ನುಡಿಸಿಕೊಟ್ಟೆ. ಆಮೇಲೆ ಕಡೆಯ ದೃಶ್ಯದಲ್ಲಿ ಅದನ್ನೂ ತೆಗೆದುಬಿಟ್ಟೆವು. ಈಗ ಅಲ್ಲಿರುವುದು ಫ್ಯಾನಿನ ಸದ್ದು ಮಾತ್ರ. ಮುನಿಸಿಕೊಳ್ಳದೆ "ಇದೇ ಸರಿ ಕಣ್ರೋ" ಅಂದೆಯಲ್ಲ, ಥ್ಯಾಂಕ್ಸ್ ಕಣೋ.